ಹಳೆಯ ಮಾಡೆಲ್ 10 ಕೊಳ್ಳುವ ಮುನ್ನ

ಟೆಕ್ಸಾಸ್‌ನಲ್ಲಿ ನಾನು ಕೊಂಡ ಮೊದಲ ರಿವಾಲ್ವರ್ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 10. 1899ರಿಂದ ನಡೆದುಬಂದ ವಂಶ ಅದು. ಈ ಸಂಖ್ಯೆ ಸಿಕ್ಕಿದ್ದು 1957ರಲ್ಲಿ. ನೀಲಿ ಹೊಳಪು ನೋಡಿಯೇ ದುಡ್ಡು ಕೊಟ್ಟೆ. ನೀವು ಹಾಗೆ ಮಾಡಬೇಡಿ.

ಮೊದಲು ಗುಂಡು ತುಂಬುವ ಉರುಳೆಯನ್ನು, ಅಂದರೆ ಸಿಲಿಂಡರನ್ನು, ಪಕ್ಕಕ್ಕೆ ಹೊರತೆರೆದು, ಅದರ ಆರೂ ಕೋಣೆಗಳು ಖಾಲಿಯಿವೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಆಮೇಲೆ ಮಾರುವವರ ಅನುಮತಿ ಕೇಳಿ, ಸಿಲಿಂಡರಿಗೆ ಬೆರಳು ತಾಗಿಸಿ ತುಸು ತಡೆಯೊಡ್ಡುತ್ತ ಹ್ಯಾಮರನ್ನು (ಹಿಂಬದಿಯ ಕುಟ್ಟುವ ಕೊಕ್ಕೆ) ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಿಕ್ಕೆಂದು ಬಿಗಿಯಾಗಿ ಕೂತಿರಬೇಕು. ಒಂದೊಂದು ಕೋಣೆಗೂ ಹೀಗೆ ನೋಡಿ. ನನ್ನದರಲ್ಲಿ ಎರಡು ತಡವಾಗಿ ಕೂರುತ್ತಿದ್ದವು, ರಿಪೇರಿಗೆ ಕೈಯಿಂದ ಹಣ ಹೋಯಿತು. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಅರೆಬರೆ ತಿಳಿದವರು ಒಳಗೆ ಕೈಹಾಕಿದ್ದಾರೆ, ಬಿಟ್ಟುಬಿಡಿ. ಹೊರಗಿನ ಬಣ್ಣ ಸವೆದಿದ್ದರೆ ನನಗೆ ಚಿಂತೆಯಿಲ್ಲ.

ಗುಂಡು ಹಾರಿಸಿದ ದಿನವೇ ನಳಿಕೆಗೆ ಕಂಚಿನ ಬ್ರಷ್ ಆಡಿಸಿ. ಖಾಲಿ ತೋಟಾಗಳನ್ನು ಹೊರತಳ್ಳುವ ಎಜೆಕ್ಟರ್ ನಕ್ಷತ್ರದ ಅಡಿಯಲ್ಲಿ ಕೂರುವ ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಅಲ್ಲಿ ಒಂದು ಕಣ ಉಳಿದರೂ ಸಿಲಿಂಡರ್ ತಿರುಗಲು ತಿಣುಕುತ್ತದೆ. ಎಣ್ಣೆ ತೆಳುವಾಗಿರಲಿ. ಚರ್ಮದ ಒರೆಯಲ್ಲಿ ಇಟ್ಟು ಮರೆಯಬೇಡಿ, ಚರ್ಮ ಹೀರಿದ ತೇವ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಬೀಗವಿರುವ ಪೆಟ್ಟಿಗೆಯಲ್ಲಿ ರಿವಾಲ್ವರ್, ಬೇರೊಂದು ಬೀಗದಡಿ ಗುಂಡುಗಳು.