ಹೊಡೆತದ ಬದಲು ಒಂದು ಕಾರ್ಡ್

ಹದಿಹರೆಯದ ಮಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ ಎಂದು ಬರುವ ಹೆತ್ತವರನ್ನು, ವರ್ತನಾ ಚಿಕಿತ್ಸಕಿಯಾದ ನಾನು ಮೊದಲು ಕಳಿಸುವುದು ವೈದ್ಯರ ಬಳಿಗೆ. ಮಾತು ಬಾರದ ಮಕ್ಕಳಲ್ಲಿ ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆ ಹೀಗೆ ಹೊರಬೀಳುವುದುಂಟು. ಹಲ್ಲು ನೋಯುತ್ತಿರುವವನಿಗೆ ವರ್ತನಾ ಚಿಕಿತ್ಸೆ ಕೊಡುವುದು ಅನ್ಯಾಯ.

ಹಾಗೆ ಬಂದ ಜಯನಗರದ ಒಬ್ಬ ಹುಡುಗನಲ್ಲಿ ಅಂಥ ಕಾರಣವೇನೂ ಸಿಗಲಿಲ್ಲ. ಮನೆಯವರಿಗೆ ಒಂದು ನೋಟ್‌ಬುಕ್ ಕೊಟ್ಟೆ. ಹೊಡೆದುಕೊಳ್ಳುವ ಮುಂಚೆ ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಆಮೇಲೆ ಯಾರು ಏನು ಮಾಡಿದರು, ಇಷ್ಟನ್ನು ಬರೆಯಬೇಕು. ‘ಸುಮ್ಮಸುಮ್ಮನೆ ಹೊಡೆದುಕೊಂಡ’ ಎಂದು ಬರೆಯಕೂಡದು. ಪುಟಗಳು ತುಂಬಿದಂತೆ ವಿಷಯ ತೆರೆದುಕೊಂಡಿತು. ಅಂಗಿಯ ಗುಂಡಿ ಹಾಕಿಸುವಾಗ, ಅಕ್ಷರ ತಿದ್ದಿಸುವಾಗ ಕೈ ಕೆನ್ನೆಗೆ ಹೋಗುತ್ತಿತ್ತು. ಹೆದರಿದ ತಾಯಿ ಕೆಲಸ ನಿಲ್ಲಿಸಿಬಿಡುತ್ತಿದ್ದರು. ಯಾವ ತಾಯಿ ನಿಲ್ಲಿಸದೆ ಇದ್ದಾರು? ಆದರೆ ಬೇಡದ ಕೆಲಸದಿಂದ ಪಾರಾಗಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ ಆಗಿತ್ತು.

ಅಮೆರಿಕದ ಮನೋವಿಜ್ಞಾನಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಗಮನ, ಒತ್ತಾಯದ ಕೆಲಸ, ಒಂಟಿತನ, ಆಟ ಎಂಬ ಸನ್ನಿವೇಶಗಳನ್ನು ಬೇರೆಬೇರೆಯಾಗಿ ಒಡ್ಡಿ, ಹೀಗೆ ಹೊಡೆದುಕೊಳ್ಳುವುದರ ಕಾರಣವನ್ನು ಪರೀಕ್ಷಿಸುತ್ತಾರೆ. ಅದಕ್ಕೆ ವೈದ್ಯರ ಮೇಲ್ವಿಚಾರಣೆ ಬೇಕು. ಮನೆಯಲ್ಲಿ ಹುಡುಗನನ್ನು ಬೇಕೆಂದೇ ಕೆರಳಿಸಲು ನಾನು ಒಪ್ಪುವುದಿಲ್ಲ. ನೋಟ್‌ಬುಕ್ಕಿನ ಜೊತೆಗೆ ನಾನೇ ಕೂತು ನೋಡಿದ್ದು ಇಲ್ಲಿ ಸಾಕಾಯಿತು.

ಆಮೇಲೆ ಎತ್ತಿದ ಅಂಗೈಯ ಚಿತ್ರವಿರುವ ‘ಸಾಕು’ ಕಾರ್ಡ್ ಬಂತು. ಅವನು ಶಾಂತವಾಗಿದ್ದಾಗ, ಸುಲಭದ ಕೆಲಸದ ನಡುವೆ, ಕೈಹಿಡಿದು ಅದನ್ನು ಮುಟ್ಟಿಸುತ್ತಿದ್ದೆ. ಮುಟ್ಟಿದ ಕ್ಷಣವೇ ಕೆಲಸ ನಿಲ್ಲಬೇಕು. ಹೊಡೆತಕ್ಕಿಂತ ಕಾರ್ಡು ಬೇಗ ಫಲ ಕೊಡದಿದ್ದರೆ ಅವನು ಅದನ್ನು ಯಾಕಾದರೂ ಮುಟ್ಟಬೇಕು?

ಅಜ್ಜಿ ಮಾತ್ರ ಒಪ್ಪಲಿಲ್ಲ. “ಕೇಳಿದಾಗಲೆಲ್ಲ ಬಿಟ್ಟುಕೊಟ್ಟರೆ ಇವನು ಕಲಿಯುವುದು ಯಾವಾಗ, ಮೇಡಂ?” ಎಂದರು. ನ್ಯಾಯವಾದ ಪ್ರಶ್ನೆ. “ಮೊದಲು ಕೇಳುವುದನ್ನು ಕಲಿಯಲಿ ಅಮ್ಮಾ, ಕಾಯುವುದನ್ನು ಆಮೇಲೆ ಕಲಿಸೋಣ” ಎಂದೆ. ಕಾರ್ಡು ರೂಢಿಯಾದ ಮೇಲೆ ‘ಇನ್ನೊಂದು ಗುಂಡಿ, ಆಮೇಲೆ ಸಾಕು’ ಎಂದು ನಿಧಾನವಾಗಿ ಬೆಳೆಸಿದೆವು. ಗುಂಡಿ ಹಾಕಿದ್ದಕ್ಕೆ ಅವನಿಗೆ ಪ್ರಿಯವಾದ ಉಯ್ಯಾಲೆ.

ಹೊಡೆತವನ್ನು ಕಡೆಗಣಿಸಿದರೆ ತಾನೇ ನಿಲ್ಲುತ್ತದೆ ಎಂಬ ಸಲಹೆ ಅನೇಕರಿಗೆ ಸಿಗುತ್ತದೆ. ಆದರೆ ಹೊಡೆತದಿಂದ ಸಿಗುತ್ತಿದ್ದುದು ಥಟ್ಟನೆ ತಪ್ಪಿದಾಗ ವರ್ತನೆ ಇಳಿಯುವ ಮೊದಲು ಉಲ್ಬಣಿಸಬಹುದು. ಹದಿಹರೆಯದವರ ತೋಳಿನ ಬಲಕ್ಕೆ ಕಣ್ಣೇ ಹೋದೀತು. ನಾವು ಮಾತಾಡದೆ ಮೆತ್ತನೆಯ ದಿಂಬನ್ನು ಅಡ್ಡ ಹಿಡಿದು, ಅದೇ ಕೈಯನ್ನು ಕಾರ್ಡಿನತ್ತ ಒಯ್ಯುತ್ತಿದ್ದೆವು. ದುಪಟ್ಟಾದಿಂದ ಕೈ ಕಟ್ಟಿಹಾಕಿದ್ದನ್ನೂ ಬೇರೆ ಮನೆಗಳಲ್ಲಿ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟಿದ ಕೈ ಏನನ್ನೂ ಕೇಳಲಾರದು.

ಈಗ ಹೊಡೆತ ಬಹಳ ಕಡಿಮೆಯಾಗಿದೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ ಮರಳುತ್ತದೆ. ಶಾಲೆಯಲ್ಲೂ ವ್ಯಾನಿನಲ್ಲೂ ಅದೇ ಕಾರ್ಡಿಗೆ ಅದೇ ಉತ್ತರ ಸಿಗಬೇಕಾದ್ದರಿಂದ ಶಿಕ್ಷಕಿಗೂ ಆಯಾಗೂ ಒಂದೊಂದು ಕೊಟ್ಟು, ಬಳಸುವುದನ್ನು ಕಲಿಸುತ್ತಿದ್ದೇನೆ.