ಇಲ್ಲದ ಮನೆ ಹುಡುಕಿ ರೂಟರ್ ಸುಸ್ತಾಗದಿರಲಿ

ನೆಟ್ ನಿಂತರೆ ಎಲ್ಲರೂ ಮೊದಲು ಕೇಬಲ್ ನೋಡುತ್ತಾರೆ. ಆಮೇಲೆ ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಐದು ನಿಮಿಷ ಸರಿ ಇರುತ್ತದೆ. ಮತ್ತೆ ನಿಲ್ಲುತ್ತದೆ. ಬಾಗಲಕೋಟೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎರಡು ದಿನ ಹೀಗೇ ನಡೆದಿತ್ತು. ಲ್ಯಾಬಿನಲ್ಲಿ ಆನ್‌ಲೈನ್ ಪರೀಕ್ಷೆ. ಮಕ್ಕಳು ನಿಂತ ಪರದೆ ನೋಡುತ್ತ ಕುಳಿತಿದ್ದರು. ನಾನು ಹೋಗುವಷ್ಟರಲ್ಲಿ ಹೊಸ ರೂಟರ್ ತಂದು ಹಾಕಿ ಆಗಿತ್ತು. ಅದೂ ನಿಲ್ಲುತ್ತಿತ್ತು. ಲೈನ್ ಚೆನ್ನಾಗಿತ್ತು, ರೂಟರೂ ಚೆನ್ನಾಗಿತ್ತು. ತುಂಬಿ ಹೋಗಿದ್ದು ಅದರ ನೇಬರ್ ಟೇಬಲ್, ಅಂದರೆ ಒಳಗಿನ ಯಾವ ವಿಳಾಸ ಯಾವ ಯಂತ್ರದ್ದು ಎಂದು ರೂಟರ್ ಬರೆದಿಡುವ ಪಟ್ಟಿ.

ಆಮೇಲೂ ಹಲವು ಕಡೆ ಇದನ್ನು ಕಂಡಿದ್ದೇನೆ. ಜನ ಮಾಡುವ ತಪ್ಪು ಎರಡೇ. ಒಂದು, ಟೇಬಲ್ ದೊಡ್ಡದು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಇನ್ನೊಂದು, ನೆಟ್‌ವರ್ಕ್ ಯಂತ್ರಗಳು ತಮ್ಮೊಳಗೆ ಕೂಗು, ದೂರು ಕಳಿಸಲು ಬಳಸುವ ಐಸಿಎಂಪಿವಿ6 ಪೂರ್ತಿ ಬಂದ್ ಮಾಡುತ್ತಾರೆ. ಮೊದಲನೆಯದರಿಂದ ತೊಂದರೆ ಹೋಗುವುದಿಲ್ಲ, ಎರಡನೆಯದರಿಂದ ನೆಟ್ಟೇ ಹೋಗುತ್ತದೆ. ಹಾಗಾಗಿ ಸರಿಯಾದ ದಾರಿ ಬರೆಯುತ್ತಿದ್ದೇನೆ.

ಮೊದಲು, ಒಳಗೆ ಆಗುವುದೇನು?

ನಮ್ಮ ನವನಗರದಲ್ಲಿ ಮನೆ ಹುಡುಕುವುದು ಸುಲಭ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ಬಂದವರಿಗಾಗಿ ಸೆಕ್ಟರ್ ಸೆಕ್ಟರ್ ಆಗಿ ಕಟ್ಟಿದ ಊರು ಇದು. ಸೆಕ್ಟರ್ ನಂಬರ್, ಮನೆ ನಂಬರ್ ಹೇಳಿದರೆ ಸಾಕು. ಆದರೆ ಅಂಚೆಯಣ್ಣನ ಚೀಲದಲ್ಲಿ ಇಲ್ಲದ ಮನೆಗಳ ಹೆಸರಿನ ಸಾವಿರಾರು ಕಾಗದ ಇದ್ದರೆ? ಪ್ರತಿ ನಂಬರಿಗೂ ಬೀದಿಯಲ್ಲಿ ನಿಂತು ಕೂಗಬೇಕು, ಕಾಯಬೇಕು, ಡೈರಿಯಲ್ಲಿ ‘ಉತ್ತರ ಬಂದಿಲ್ಲ’ ಎಂದು ಬರೆದುಕೊಳ್ಳಬೇಕು. ಡೈರಿ ತುಂಬುತ್ತದೆ. ನಿಜವಾದ ಮನೆಗೆ ಬಂದ ಪಿಂಚಣಿ ಕಾಗದ ಚೀಲದಲ್ಲೇ ಉಳಿಯುತ್ತದೆ.

ರೂಟರ್ ಮಾಡುವುದು ಇದನ್ನೇ. ಒಳಗಿನ ಒಂದು ವಿಳಾಸಕ್ಕೆ ಪ್ಯಾಕೆಟ್ ಬಂದರೆ ‘ಈ ವಿಳಾಸ ಯಾರದು?’ ಎಂದು ಲ್ಯಾನ್‌ನಲ್ಲಿ, ಅಂದರೆ ಒಳಗಿನ ನೆಟ್‌ವರ್ಕ್‌ನಲ್ಲಿ, ಕೂಗುತ್ತದೆ. ಇಂಟರ್‌ನೆಟ್ ವಿಳಾಸದ ಹಳೇ ಪದ್ಧತಿ ಐಪಿವಿ4ನಲ್ಲಿ ಈ ಕೂಗಿಗೆ ಎಆರ್‌ಪಿ ಎನ್ನುತ್ತಾರೆ. ಅದು 1982ರಿಂದ ಇದೆ. ಹೊಸ ಪದ್ಧತಿ ಐಪಿವಿ6ನಲ್ಲಿ ಇದರ ಹೆಸರು ನೇಬರ್ ಡಿಸ್ಕವರಿ. ಉತ್ತರ ಬರದಿದ್ದರೆ ಸೆಕೆಂಡಿಗೊಂದರಂತೆ ಮೂರು ಸಲ ಕೂಗುತ್ತದೆ. ಅಷ್ಟು ಹೊತ್ತು ಆ ವಿಳಾಸ ‘ಇನ್‌ಕಂಪ್ಲೀಟ್’ ಎಂಬ ಗುರುತಿನೊಂದಿಗೆ ಟೇಬಲ್‌ನಲ್ಲಿ ಕೂತಿರುತ್ತದೆ.

ಐಪಿವಿ4ನ ಸಾಮಾನ್ಯ /24 ಲ್ಯಾನ್‌ನಲ್ಲಿ 254 ವಿಳಾಸ (ಗೀಟಿನ ಮುಂದಿನ ಸಂಖ್ಯೆ ಲ್ಯಾನ್ ಎಷ್ಟು ದೊಡ್ಡದು ಎಂದು ಹೇಳುತ್ತದೆ; ಒಂದೇ ಪದ್ಧತಿಯೊಳಗೆ ಅದು ಹೆಚ್ಚಿದಷ್ಟೂ ವಿಳಾಸ ಕಡಿಮೆ). ಹೊರಗಿನವನು ಎಷ್ಟು ಕಾಡಿದರೂ ಟೇಬಲ್ ಅದಕ್ಕಿಂತ ಜಾಸ್ತಿ ತುಂಬದು. ಐಪಿವಿ6ನ /64 ಲ್ಯಾನ್‌ನಲ್ಲಿ ಸುಮಾರು 1 ಲಕ್ಷ 84 ಸಾವಿರ ಕೋಟಿ ಕೋಟಿ ವಿಳಾಸ. ಸೆಕೆಂಡಿಗೆ 1000ದಂತೆ ತಟ್ಟಿದರೆ ಎಲ್ಲ ಬಾಗಿಲು ಮುಗಿಯಲು 58 ಕೋಟಿ ವರ್ಷ ಬೇಕು. ದಾಳಿ ಮಾಡುವವನಿಗೆ ಮುಗಿಸುವ ಅಗತ್ಯವೇ ಇಲ್ಲ. ಲಿನಕ್ಸ್ ಆಧಾರದ ರೂಟರ್‌ನ ಟೇಬಲ್‌ಗೆ ತಾನಾಗಿ ಇರುವ ಮಿತಿ 1024. ಸೆಕೆಂಡಿಗೆ 1000 ಪ್ಯಾಕೆಟ್ ಬಂದು ಒಂದೊಂದು ಮೂರು ಸೆಕೆಂಡ್ ಕೂತರೆ 3000 ಆಯಿತು. 60 ಬೈಟ್‌ನ ಚಿಕ್ಕ ಪ್ಯಾಕೆಟ್ ಆದರೆ ಇದಕ್ಕೆ ಬೇಕಾದ ವೇಗ ಅರ್ಧ ಎಂಬಿಪಿಎಸ್‌ಗಿಂತಲೂ ಕಡಿಮೆ. ನಿಮ್ಮ ಲೈನ್ 300 ಎಂಬಿಪಿಎಸ್ ಇದ್ದರೂ ಉಪಯೋಗವಿಲ್ಲ, ಅಲ್ವಾ? ಎಷ್ಟೋ ಸಲ ಇದು ಬೇಕೆಂದು ಮಾಡಿದ ದಾಳಿಯೂ ಆಗಿರುವುದಿಲ್ಲ. ಯಾರೋ ಎಲ್ಲೋ ಸುಮ್ನೆ ವಿಳಾಸ ಸ್ಕ್ಯಾನ್ ಮಾಡುತ್ತಿರುತ್ತಾರೆ.

ಹಂತ 1: ಕಾಯಿಲೆ ಇದೇನಾ ನೋಡಿ

ನೆಟ್ ನಿಂತಾಗ ರೂಟರ್ ರೀಸ್ಟಾರ್ಟ್ ಮಾಡಬೇಡಿ. ಮಾಡಿದರೆ ಟೇಬಲ್ ಖಾಲಿಯಾಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಒಳಗೆ ಲಾಗಿನ್ ಆಗಿ ಐಪಿವಿ6 ನೇಬರ್ ಪಟ್ಟಿ ತೆಗೆಯಿರಿ. ಇನ್‌ಕಂಪ್ಲೀಟ್, ಫೇಲ್ಡ್ ಎಂದು ನೂರಾರು ಸಾಲು ಇವೆಯೇ? ಸಿಸ್ಟಂ ಲಾಗ್‌ನಲ್ಲಿ ‘ನೇಬರ್ ಟೇಬಲ್ ಓವರ್‌ಫ್ಲೋ’ ಎಂದು ಬಂದಿದೆಯೇ? ಇದ್ದರೆ ಇದೇ ಕಾಯಿಲೆ.

ಹಂತ 2: ರೂಟರ್-ರೂಟರ್ ನಡುವಿನ ಲಿಂಕ್

ಅಲ್ಲಿ ಎರಡೇ ವಿಳಾಸ ಬೇಕು, /127 ಹಾಕಿ ಮುಂದೆ ಹೋಗಿ. 2011ರಿಂದ ಇದು ಒಪ್ಪಿದ ಪದ್ಧತಿ.

ಹಂತ 3: ಬಾಗಿಲಲ್ಲೇ ತಡೆಯಿರಿ

ಎಲ್ಲರೂ ಎಡವುವುದು ಇಲ್ಲಿಯೇ. ನಿಧಾನವಾಗಿ ಓದಿ.

ರೂಟರ್ ಕೂಗುವುದು ಯಾವಾಗ? ಪ್ಯಾಕೆಟ್ ಫೈರ್‌ವಾಲ್, ಅಂದರೆ ಯಾವುದನ್ನು ಬಿಡಬೇಕು ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿ, ದಾಟಿದ ಮೇಲೆ. ಲಿನಕ್ಸ್‌ನಲ್ಲಿ ಫಾರ್ವರ್ಡ್ ನಿಯಮಗಳು (ರೂಟರ್ ಮೂಲಕ ಹಾದುಹೋಗುವ ಪ್ಯಾಕೆಟ್‌ಗಳ ನಿಯಮಗಳು) ಮೊದಲು, ವಿಳಾಸದ ಹುಡುಕಾಟ ಆಮೇಲೆ. ಅಂದರೆ ಫಾರ್ವರ್ಡ್‌ನಲ್ಲಿ ಬಿದ್ದುಹೋದ ಪ್ಯಾಕೆಟ್‌ಗಾಗಿ ಟೇಬಲ್‌ನಲ್ಲಿ ಒಂದು ಸಾಲೂ ಹುಟ್ಟುವುದಿಲ್ಲ. ಇಡೀ ರಕ್ಷಣೆ ಈ ಒಂದು ಮಾತಿನ ಮೇಲೆ ನಿಂತಿದೆ.

ಈಗ ನಿಮ್ಮ ಲ್ಯಾನ್‌ಗಳನ್ನು ಎರಡು ಗುಂಪು ಮಾಡಿ.

ಸರ್ವರ್‌ಗಳ ಲ್ಯಾನ್: ಇಲ್ಲಿ ಯಾವ ಯಂತ್ರ ಎಲ್ಲಿದೆ ಎಂದು ನಿಮಗೆ ಗೊತ್ತು. ವಿಳಾಸಗಳನ್ನು ನೀವೇ ಕೊಡಿ, ಎಲ್ಲವನ್ನೂ /64ರ ಮೊದಲ 256ರ ಒಳಗೆ ಇಡಿ. ಫೈರ್‌ವಾಲ್‌ನಲ್ಲಿ ಆ /120 ತುಂಡಿಗೆ ಮಾತ್ರ, ಬೇಕಾದ ಪೋರ್ಟ್‌ಗೆ (ಸರ್ವರ್‌ನ ಸೇವೆಯ ನಂಬರ್‌ಗೆ) ಮಾತ್ರ ಅನುಮತಿ ಕೊಡಿ. ಅದರ ಕೆಳಗಿನ ಸಾಲಿನಲ್ಲಿ ಉಳಿದ /64 ಪೂರ್ತಿ ಡ್ರಾಪ್. ಇಷ್ಟಾದರೆ ಹೊರಗಿನವನು ಹುಟ್ಟಿಸಬಹುದಾದ ಸಾಲು 256ಕ್ಕೆ ನಿಂತಿತು. ಒಂದೊಂದೇ ಸರ್ವರ್ ವಿಳಾಸ ಬರೆದರೆ ಇನ್ನೂ ಒಳ್ಳೆಯದು. ನಾನು ಹಾಗೇ ಮಾಡುತ್ತೇನೆ.

ಜನರ ಲ್ಯಾನ್, ಅಂದರೆ ಲ್ಯಾಬು, ವೈಫೈ, ಹಾಸ್ಟೆಲ್: ಇಲ್ಲಿ /64 ಬಿಟ್ಟು /120 ಹಾಕೋಣ ಎಂಬ ಆಸೆ ಬರುತ್ತದೆ. ಹಾಕಬೇಡಿ. ಯಂತ್ರಗಳು ತಾವೇ ವಿಳಾಸ ಮಾಡಿಕೊಳ್ಳುವ ಸ್ಲ್ಯಾಕ್ ಪದ್ಧತಿಗೆ /64 ಬೇಕೇ ಬೇಕು. ವಿಳಾಸ ಹಂಚಲು ಡಿಎಚ್‌ಸಿಪಿವಿ6 ಇದೆಯಲ್ಲ ಎನ್ನುತ್ತೀರಿ. ಅದು ಕೊಡುವ ಬಿಡಿ ವಿಳಾಸವನ್ನು ಆಂಡ್ರಾಯ್ಡ್ ಫೋನ್ ತೆಗೆದುಕೊಳ್ಳುವುದಿಲ್ಲ. ಅರ್ಧ ಹಾಸ್ಟೆಲ್ ನಿಮ್ಮ ಬಾಗಿಲಿಗೆ ಬರುತ್ತದೆ. ಇಲ್ಲಿ ಬೇಕಾಗಿರುವುದು ಸ್ಟೇಟ್‌ಫುಲ್ ಫೈರ್‌ವಾಲ್. ಒಳಗಿನವರು ಶುರುಮಾಡಿದ ಮಾತಿಗೆ ಬಂದ ಉತ್ತರ, ಅಂದರೆ ‘ಎಸ್ಟಾಬ್ಲಿಷ್ಡ್, ರಿಲೇಟೆಡ್’, ಒಳಗೆ ಬರಲಿ. ಹೊರಗಿನವನು ತಾನಾಗಿ ತಟ್ಟಿದ್ದು ಬೀಳಲಿ. ‘ಐಪಿವಿ6ನಲ್ಲಿ ನ್ಯಾಟ್ ಇಲ್ಲ, ಹಾಗಾಗಿ ಎಲ್ಲ ತೆರೆದೇ ಇರಬೇಕು’ ಎಂದು ಕೆಲವರು ಹೇಳಿಕೊಡುತ್ತಾರೆ. ಅದು ತಪ್ಪು. ನ್ಯಾಟ್ ವಿಳಾಸ ಬದಲಿಸುವುದು, ಫೈರ್‌ವಾಲ್ ತಡೆಯುವುದು; ಎರಡೂ ಬೇರೆ.

ಈಗ ಐಸಿಎಂಪಿವಿ6. ದಾಳಿ ಎಂದ ಕೂಡಲೇ ಇದನ್ನು ಪೂರ್ತಿ ಬಂದ್ ಮಾಡುವವರನ್ನು ನಾನು ಕೈ ಹಿಡಿದು ತಡೆದಿದ್ದೇನೆ. ‘ಯಾರದು?’ ಎಂಬ ಕೂಗು ಐಸಿಎಂಪಿವಿ6ನ 135ನೇ ಬಗೆ, ‘ನನ್ನದು’ ಎಂಬ ಉತ್ತರ 136. ‘ನಾನೇ ಗೇಟ್‌ವೇ’ ಎಂದು ರೂಟರ್ ಸಾರುವುದು 134. ಇವು ಬಂದ್ ಆದರೆ ಐಪಿವಿ6 ಆ ಕ್ಷಣವೇ ಸತ್ತಂತೆ. 2ನೇ ಬಗೆ ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ದೂರು. ಅದು ನಿಂತರೆ ಕೆಲವು ಸೈಟ್ ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ. ಕಾರಣ ಹುಡುಕಲು ಒಂದು ವಾರ ಹೋಗುತ್ತದೆ. ಹಾಗಾಗಿ ರೂಟರ್ ಮತ್ತು ಲ್ಯಾನ್ ನಡುವೆ 133ರಿಂದ 136ರವರೆಗೆ ಮುಟ್ಟಬೇಡಿ. ಹೊರಗಿನಿಂದ ಒಳಕ್ಕೆ ಬರುವ ನಿಜವಾದ ದೂರುಗಳು ‘ರಿಲೇಟೆಡ್’ ನಿಯಮದಲ್ಲೇ ಒಳಗೆ ಬರುತ್ತವೆ.

ಉಳಿಯುವುದು ಪಿಂಗ್, ಅಂದರೆ ‘ಇದ್ದೀಯಾ?’ ಎಂದು ಕೇಳುವ ಪ್ಯಾಕೆಟ್. ಇಲ್ಲಿ ಒಂದು ಚಿಕ್ಕ ತೂತು ಇದೆ. ನನಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶ ಬಹಳ ಇಷ್ಟ, ಚಿಕ್ಕ ಕಚೇರಿಗಳಿಗೆ ಅದನ್ನೇ ಹಾಕುತ್ತೇನೆ. ಅದರ ಫೈರ್‌ವಾಲ್ ಹೊರಗಿನ ಕನೆಕ್ಷನ್‌ಗಳನ್ನು ತಾನಾಗಿ ತಡೆಯುತ್ತದೆ. ಆದರೆ ಐಸಿಎಂಪಿವಿ6 ಫಾರ್ವರ್ಡ್ ಎಂಬ ನಿಯಮ ಹೊರಗಿನ ಪಿಂಗ್ ಮುಂತಾದವನ್ನು ಸೆಕೆಂಡಿಗೆ 1000ದವರೆಗೆ ಒಳಕ್ಕೆ ಬಿಡುತ್ತದೆ. ಮೇಲಿನ ಲೆಕ್ಕ ನೆನಪಿದೆಯಲ್ಲ? ಅಷ್ಟು ಸಾಕು ಟೇಬಲ್ ತುಂಬಲು. ಆ ಮಿತಿಯನ್ನು 20ಕ್ಕೆ ಇಳಿಸಿ. ಪಿಂಗ್ ಸತ್ತುಹೋಗುವುದಿಲ್ಲ, ದೂರದಿಂದ ಪರೀಕ್ಷೆ ಮಾಡಲು ಬೇಕಾದಷ್ಟು ಉಳಿಯುತ್ತದೆ.

ಇನ್ನೊಂದು ಮಾತು. ನಿಯಮಗಳ ಕ್ರಮ ನೋಡಿ. ‘ಎಲ್ಲವನ್ನೂ ಬಿಡು’ ಎಂದು ಹಿಂದೆ ಯಾರೋ ಪರೀಕ್ಷೆಗೆ ಹಾಕಿದ ಸಾಲು ಮೇಲೆಯೇ ಉಳಿದಿರುತ್ತದೆ. ಕಾಲೇಜಿನಲ್ಲಿ ಆಗಿದ್ದು ಅದೇ. ಕೆಳಗೆ ನಿಯಮಗಳೆಲ್ಲ ಚೆಂದ ಇದ್ದವು, ಮೇಲಿನ ಒಂದು ಸಾಲು ಅವುಗಳ ತನಕ ಏನನ್ನೂ ಬಿಟ್ಟಿರಲಿಲ್ಲ.

ಹಂತ 4: ಟೇಬಲ್ ಹಿಗ್ಗಿಸಿ, ಆದರೆ ಲೆಕ್ಕ ಹಾಕಿ

ತಡೆ ಹಾಕಿದ ಮೇಲೆ ಮಾತ್ರ ಇದು. ಒಂದು ಫೋನಿಗೆ ಐಪಿವಿ6ನಲ್ಲಿ ಮೂರು ನಾಲ್ಕು ವಿಳಾಸ ಇರುವುದು ಸಹಜ. 200 ಯಂತ್ರ ಇದ್ದರೆ 800 ಸಾಲು ನ್ಯಾಯವಾಗಿಯೇ ಬೇಕು. 1024ಕ್ಕೆ ಅದು ಬಿಗಿ. ಲಿನಕ್ಸ್‌ನಲ್ಲಿ ಜಿಸಿ ಥ್ರೆಶ್ ಎಂಬ ಮೂರು ಮಿತಿ ಇವೆ: 128, 512, 1024. ಮೂರನ್ನೂ ಒಟ್ಟಿಗೆ ಏರಿಸಿ. ನಾನು 1024, 2048, 4096 ಇಡುತ್ತೇನೆ. ಸಿಸ್‌ಕಂಟ್ರೋಲ್ ಫೈಲ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಹಳೇ ಲೆಕ್ಕವೇ. ಮೈಕ್ರೋಟಿಕ್ ಇದ್ದವರಿಗೆ ಐಪಿವಿ6 ಸೆಟ್ಟಿಂಗ್ಸ್‌ನಲ್ಲಿ ನೇಬರ್ ಎಂಟ್ರಿಗಳ ಗರಿಷ್ಠ ಮಿತಿ ಸಿಗುತ್ತದೆ. ಸಿಸ್ಕೋ ರೂಟರ್‌ಗಳಲ್ಲಿ ಒಂದೊಂದು ಇಂಟರ್‌ಫೇಸ್‌ಗೆ ಬೇರೆ ಬೇರೆ ಮಿತಿ ಹಾಕಬಹುದು. ಇದ್ದರೆ ಖಂಡಿತ ಹಾಕಿ. ಹಾಸ್ಟೆಲ್ ಲ್ಯಾನ್ ತುಂಬಿದರೂ ಕಚೇರಿಯ ಲ್ಯಾನ್ ಉಳಿಯುತ್ತದೆ.

ಮುಖ್ಯ ಸರ್ವರ್‌ಗಳ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) ಟೇಬಲ್‌ನಲ್ಲಿ ಶಾಶ್ವತ ಎಂದು ಬರೆದುಬಿಡಿ. ಅವನ್ನು ಯಾವ ಗದ್ದಲವೂ ಹೊರಹಾಕುವುದಿಲ್ಲ. ನೆಟ್‌ವರ್ಕ್ ಕಾರ್ಡ್ ಬದಲಿಸಿದಾಗ ಇದನ್ನೂ ಬದಲಿಸಬೇಕು. ಒಂದು ಚೀಟಿ ಬರೆದು ರ್‍ಯಾಕ್‌ಗೆ ಅಂಟಿಸಿ.

ಹಂತ 5: ಒಳಗಿನ ಕಾಟ

ಹೊರಗಿನ ಬಾಗಿಲು ಹಾಕಿದರೂ ಒಳಗಿನ ಒಂದು ಲ್ಯಾಪ್‌ಟಾಪ್ ಇದೇ ಕೆಲಸ ಮಾಡಬಹುದು. ಇದಕ್ಕೆ ಮ್ಯಾನೇಜ್ಡ್ ಸ್ವಿಚ್ ಬೇಕು. ಒಂದು ಪೋರ್ಟ್‌ಗೆ ಎರಡು ಮೂರು ಮ್ಯಾಕ್ ಎಂದು ಮಿತಿ ಹಾಕಿ. ‘ನಾನೇ ಗೇಟ್‌ವೇ’ ಎಂದು ಬೇರೆ ಯಂತ್ರ ಸುಳ್ಳು ಸಾರದಂತೆ ತಡೆಯುವ ಆರ್‌ಎ ಗಾರ್ಡ್ ಆನ್ ಮಾಡಿ. ಐಪಿವಿ4ಗೆ ಯಾರಿಗೆ ಯಾವ ವಿಳಾಸ ಸಿಕ್ಕಿತು ಎಂದು ನೋಡಿಡುವ ಡಿಎಚ್‌ಸಿಪಿ ಸ್ನೂಪಿಂಗ್, ಅದರ ಮೇಲೆ ಸುಳ್ಳು ಎಆರ್‌ಪಿ ತಡೆಯುವ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್. ವೈಫೈನಲ್ಲಿ ಒಂದು ಯಂತ್ರ ಇನ್ನೊಂದನ್ನು ಮುಟ್ಟದಂತೆ ಕ್ಲೈಂಟ್ ಐಸೊಲೇಷನ್. ಅಗ್ಗದ ಸ್ವಿಚ್‌ಗಳ ಪೆಟ್ಟಿಗೆಯ ಮೇಲೆ ‘ಸ್ಮಾರ್ಟ್’ ಎಂದು ಇರುತ್ತದೆ, ಒಳಗೆ ಇವು ಯಾವುವೂ ಇರುವುದಿಲ್ಲ. ಕೊಳ್ಳುವ ಮೊದಲು ಮ್ಯಾನುಯಲ್ ತೆರೆದು ಈ ಹೆಸರುಗಳನ್ನು ಹುಡುಕಿ. ಕೆಲವು ಕಳಪೆ ಸ್ವಿಚ್‌ಗಳಲ್ಲಿ ಮಲ್ಟಿಕಾಸ್ಟ್ ಸ್ನೂಪಿಂಗ್ ಆನ್ ಮಾಡಿದರೆ ನೇಬರ್ ಡಿಸ್ಕವರಿಯ ಕೂಗೇ ಮುಟ್ಟುವುದಿಲ್ಲ. ಅಂಥದ್ದು ಕಂಡರೆ ಆಫ್ ಮಾಡಿ.

ಐಪಿವಿ4ನಲ್ಲಿ ‘ಮುಂದೆ ಬೇಕಾಗುತ್ತದೆ’ ಎಂದು ಇಡೀ ಕ್ಯಾಂಪಸ್‌ಗೆ ಒಂದೇ /16 ಹಾಕಿದವರು ದಯವಿಟ್ಟು ಅದನ್ನು ಒಡೆಯಿರಿ. 65,534 ವಿಳಾಸದ ಬಯಲು ಅದು. ಎಆರ್‌ಪಿ ಟೇಬಲ್‌ನ ಮಿತಿಯೂ ಲಿನಕ್ಸ್‌ನಲ್ಲಿ 1024. ಲ್ಯಾಬಿಗೊಂದು ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಲ್ಯಾನ್), ವಿಲ್ಯಾನ್‌ಗೊಂದು /24.

ಹಂತ 6: ಪರೀಕ್ಷೆ

ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ. ಮೊಬೈಲ್ ಡೇಟಾದಲ್ಲಿ ಐಪಿವಿ6 ಬಂದಿದೆಯೇ ನೋಡಿ. ಅಲ್ಲಿಂದ ನಿಮ್ಮ /64ರೊಳಗಿನ, ಯಾರಿಗೂ ಕೊಡದ, ಫೈರ್‌ವಾಲ್ ಅನುಮತಿಯೂ ಇಲ್ಲದ ಇನ್ನೂರು ವಿಳಾಸಗಳಿಗೆ ಒಂದೊಂದು ಟಿಸಿಪಿ ಕನೆಕ್ಷನ್ ಪ್ರಯತ್ನಿಸಿ, ಆಮೇಲೆ ಒಂದೊಂದು ಪಿಂಗ್ ಕಳಿಸಿ. ನಿಮ್ಮ ನೆಟ್‌ವರ್ಕ್‌ನಲ್ಲಿ ಮಾತ್ರ, ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆದು. ಬೇರೆಯವರ ಮೇಲೆ ಮಾಡಿ ಅವರ ಸೇವೆ ನಿಲ್ಲಿಸಿದರೆ ಐಟಿ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್ ಪ್ರಕಾರ ಅದು ಅಪರಾಧ, 3 ವರ್ಷದವರೆಗೆ ಜೈಲು ಇದೆ.

ಒಬ್ಬರು ಹೊರಗಿನಿಂದ ಕಳಿಸಲಿ, ಇನ್ನೊಬ್ಬರು ರೂಟರ್ ಮುಂದೆ ಕೂತು ಇನ್‌ಕಂಪ್ಲೀಟ್ ಸಾಲು ಎಣಿಸಲಿ. ಟಿಸಿಪಿಗೆ ಒಂದೂ ಸಾಲು ಏಳಬಾರದು. ಪಿಂಗ್‌ಗೆ ಮಿತಿಯಷ್ಟು ಮಾತ್ರ ಏಳಬೇಕು. ಟಿಸಿಪಿಗೆ ಸಾಲುಗಳು ಎದ್ದರೆ ಟೇಬಲ್ ಕಡೆ ಹೋಗಬೇಡಿ, ಹಂತ 3ಕ್ಕೆ ವಾಪಸ್ ಬನ್ನಿ. ಮೇಲೆ ಎಲ್ಲೋ ‘ಎಲ್ಲವನ್ನೂ ಬಿಡು’ ಎಂಬ ಸಾಲು ಕೂತಿರುತ್ತದೆ.

ನಿಜವಾದ ದಾಳಿಯೇ ಆಗಿದ್ದರೆ ಲಾಗ್ ಅಳಿಸಬೇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ರೂಟರ್‌ನ ಗಡಿಯಾರ ತಪ್ಪಿದ್ದರೆ ಆ ಲಾಗ್‌ನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಗಡಿಯಾರವನ್ನು ತಾನಾಗಿ ಸರಿಪಡಿಸುವ ಎನ್‌ಟಿಪಿ ಇವತ್ತೇ ಆನ್ ಮಾಡಿ.