ಹಾಡಿನ ಹಿಂದಿನ ಹೆಸರುಗಳನ್ನು ಹಿಡಿದು

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಸಗಟು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ದೊಡ್ಡ ಕಂಪನಿಗಳ ಬೆಂಬಲವಿಲ್ಲದೆ ತಾವೇ ಹಾಡು ಕಟ್ಟಿ, ತಾವೇ ಧ್ವನಿಮುದ್ರಿಸಿ ಹೊರತರುವ ಇಂಡೀ ಫೋಕ್ ಮತ್ತು ರಾಕ್ ಗಾಯಕರನ್ನು, ಹಾಗೆಯೇ ತಮ್ಮ ಕಾಲದಲ್ಲಿ ಹೆಚ್ಚು ಜನರ ಕಿವಿಗೆ ಬೀಳದೆ ಹೋದ ಅವರ ಹಿರಿಯರನ್ನು ಹುಡುಕಿ, ಪರಿಚಯದವರಿಗೆ ಕೇಳಿಸುವುದು ಹಲವು ವರ್ಷಗಳಿಂದ ಅಂಟಿಕೊಂಡಿರುವ ಗೀಳು. ನನಗೆ ಯಾವ ವಾದ್ಯವೂ ನುಡಿಸಲು ಬರುವುದಿಲ್ಲ, ಸಂಗೀತಶಾಸ್ತ್ರವೂ ತಿಳಿಯದು. ಆದರೂ ‘ಹೊಸದೇನಾದರೂ ಇದ್ದರೆ ಹೇಳಿ’ ಎಂದು ಕೇಳುವವರು ಇರುವುದರಿಂದ, ನಾನು ಈ ಕೆಲಸ ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಡುಕುವುದು ಇದರಲ್ಲಿ ಸುಲಭದ ಭಾಗ. ಯಾರ ಕೈಗೆ ಯಾವ ಹಾಡನ್ನು ಕೊಡಬೇಕೆಂಬುದು ಕಷ್ಟದ್ದು, ಏಕೆಂದರೆ ಅದಕ್ಕೆ ಹಾಡುವವರಿಗಿಂತ ಕೇಳುವವರನ್ನು ಚೆನ್ನಾಗಿ ಅರಿತಿರಬೇಕಾಗುತ್ತದೆ.

ಮೊಬೈಲಿನ ಸಂಗೀತದ ಆ್ಯಪ್‌ಗಳು ತಾವಾಗಿಯೇ ಹಾಡುಗಳನ್ನು ಸೂಚಿಸುತ್ತವೆ, ಅದನ್ನು ನಾನು ತೀರ ಅಲ್ಲಗಳೆಯುವುದಿಲ್ಲ. ಆದರೆ ಅವು ಬಹುಮಟ್ಟಿಗೆ ‘ಇದನ್ನು ಕೇಳಿದವರು ಅದನ್ನೂ ಕೇಳಿದ್ದಾರೆ’ ಎಂಬ ಲೆಕ್ಕದ ಮೇಲೆ ನಡೆಯುವುದರಿಂದ, ಯಾರೂ ಕೇಳದವನ ಹೆಸರು ಆ ಲೆಕ್ಕದೊಳಗೆ ಬರುವುದೇ ಅಪರೂಪ. ಒಂದು ವಾರ ಅವುಗಳ ಮಾತು ಕೇಳಿಕೊಂಡು ಹೋದರೆ ಅದೇ ಹತ್ತಾರು ಗಾಯಕರ ಸುತ್ತ ತಿರುಗುತ್ತಿರುತ್ತೇವೆ. ನಾನು ಹಿಡಿದ ದಾರಿ ಹಳೆಯದು: ಆಲ್ಬಂನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಹೆಸರುಗಳನ್ನು ಓದುವುದು. ಗಿಟಾರ್ ಯಾರದು, ಬೇಸ್ ಯಾರದು, ವಯಲಿನ್ ಗುಂಪಿಗೆ ಸ್ವರ ಬರೆದುಕೊಟ್ಟವರು ಯಾರು, ನಿರ್ಮಾಪಕ ಯಾರು ಎಂಬುದನ್ನು ಗುರುತು ಹಾಕಿಕೊಂಡು, ಅದೇ ಹೆಸರುಗಳು ಬೇರೆಲ್ಲಿ ಕಾಣಿಸುತ್ತವೆ ಎಂದು ನೋಡುತ್ತಾ ಹೋಗುವುದು.

ಒಂದು ಸರಪಳಿಯನ್ನು ಬಿಡಿಸಿ ತೋರಿಸಿದರೆ ನನ್ನ ಮಾತು ಸ್ಪಷ್ಟವಾದೀತು. ಇಂಗ್ಲೆಂಡಿನ ನಿಕ್ ಡ್ರೇಕ್ 1969ರಿಂದ 1972ರ ನಡುವೆ ಮೂರೇ ಆಲ್ಬಂಗಳನ್ನು ಕೊಟ್ಟು, 1974ರಲ್ಲಿ ತನ್ನ 26ನೆಯ ವಯಸ್ಸಿನಲ್ಲಿ ತೀರಿಕೊಂಡ ಗಾಯಕ. ಬದುಕಿದ್ದಾಗ ಅವನ ತಟ್ಟೆಗಳು ಮಾರಾಟವಾದದ್ದು ಬಹಳ ಕಡಿಮೆ. ಇಂದು ಅವನು ಅಪರಿಚಿತನೇನಲ್ಲ. ನನಗೆ ಬೇಕಾಗಿದ್ದುದು ಅವನ ಮೊದಲ ಆಲ್ಬಂ ‘ಫೈವ್ ಲೀವ್ಸ್ ಲೆಫ್ಟ್’ನ ಹಿಂದಿರುವ ಹೆಸರುಗಳು. ಅದರಲ್ಲಿ ಡಬಲ್ ಬೇಸ್ ನುಡಿಸಿದವನು ಡ್ಯಾನಿ ಥಾಂಪ್ಸನ್. ಅವನನ್ನು ಹಿಂಬಾಲಿಸಿದರೆ ಪೆಂಟ್ಯಾಂಗಲ್ ಎಂಬ ತಂಡ ಸಿಗುತ್ತದೆ. ಆ ತಂಡದ ಒಳಹೊಕ್ಕರೆ ಬರ್ಟ್ ಜಾನ್ಶ್, ಜಾನ್ ರೆನ್‌ಬೋರ್ನ್ ಎಂಬ ಇಬ್ಬರು ಗಿಟಾರ್ ವಾದಕರು ಸಿಗುತ್ತಾರೆ. ಅದೇ ಥಾಂಪ್ಸನ್ 1973ರ ‘ಸಾಲಿಡ್ ಏರ್’ ಎಂಬ ಆಲ್ಬಂನಲ್ಲಿಯೂ ಇದ್ದಾನೆ. ಅದು ಜಾನ್ ಮಾರ್ಟಿನ್ ಎಂಬವನದು, ಅದರ ಶೀರ್ಷಿಕೆ ಹಾಡನ್ನು ಮಾರ್ಟಿನ್ ಬರೆದದ್ದು ಗೆಳೆಯ ನಿಕ್ ಡ್ರೇಕ್‌ನನ್ನು ಕುರಿತು. ಇನ್ನೊಂದು ಎಳೆ ಡ್ರೇಕ್‌ನ ಆ ಮೊದಲ ಆಲ್ಬಂನ ನಿರ್ಮಾಪಕ ಜೋ ಬಾಯ್ಡ್‌ನದು. ಅವನ ಹೆಸರು ಹಿಡಿದು ಹೊರಟರೆ ವಾಷ್ಟಿ ಬನ್ಯನ್ ಎಂಬ ಗಾಯಕಿ ಎದುರಾಗುತ್ತಾಳೆ. ಡ್ರೇಕ್‌ಗೆ ವಯಲಿನ್ ಸ್ವರ ಬರೆದುಕೊಟ್ಟ ರಾಬರ್ಟ್ ಕರ್ಬಿಯೇ ಅವಳ 1970ರ ಆಲ್ಬಂನ ಕೆಲವು ಹಾಡುಗಳಿಗೂ ಬರೆದುಕೊಟ್ಟಿದ್ದಾನೆ. ಆ ಆಲ್ಬಂ ಮಾರಾಟವಾಗದೆ ಅವಳು ಹಾಡುವುದನ್ನೇ ಬಿಟ್ಟಳು. 2000ದಲ್ಲಿ ಅದು ಮರುಮುದ್ರಣವಾದ ಮೇಲೆ ಹೊಸ ತಲೆಮಾರಿನವರು ಅವಳನ್ನು ಹುಡುಕಿಕೊಂಡು ಬಂದರು. ಎರಡನೆಯ ಆಲ್ಬಂ ಹೊರಬಂದದ್ದು 2005ರಲ್ಲಿ. ಅದರಲ್ಲಿ ಜೊತೆಗೂಡಿದವರ ಪಟ್ಟಿಯಲ್ಲಿ ಹಾರ್ಪ್ ವಾದ್ಯದ ಜೊವಾನಾ ನ್ಯೂಸಮ್ ಇದ್ದಾಳೆ, ಡೆವೆಂಡ್ರಾ ಬ್ಯಾನ್‌ಹಾರ್ಟ್ ಇದ್ದಾನೆ. ಅಲ್ಲಿಂದಾಚೆಗೆ ಈ ಶತಮಾನದ ಇಂಡೀ ಫೋಕ್‌ನ ಬಾಗಿಲು ತೆರೆಯುತ್ತದೆ. ಯಾವ ಆ್ಯಪಿನ ಸಹಾಯವೂ ಇಲ್ಲದೆ ಒಬ್ಬ ಬೇಸ್ ವಾದಕ ಮತ್ತು ಒಬ್ಬ ನಿರ್ಮಾಪಕನ ಹೆಸರಿನ ಬೆನ್ನು ಹತ್ತಿ ಇಷ್ಟು ದೂರ ಬರಬಹುದು.

ಈಗ ಹಾಡುತ್ತಿರುವವರನ್ನು ಹುಡುಕಲು ನಾನು ಹೆಚ್ಚಾಗಿ ಬಳಸುವುದು 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ. ಅಲ್ಲಿ ಗಾಯಕರು ನೇರವಾಗಿ ಕೇಳುಗರಿಗೆ ಆಲ್ಬಂ ಮಾರುತ್ತಾರೆ. ಊರಿನ ಹೆಸರು ಹಾಕಿ ಹುಡುಕುವ ಅನುಕೂಲವಿದೆ. ಶಿಲ್ಲಾಂಗ್ ಎಂದೋ ಬೆಂಗಳೂರು ಎಂದೋ ಹಾಕಿದರೆ ಆ ಊರಿನವರು ಸಿಗುತ್ತಾರೆ. ಆದರೆ ಅದಕ್ಕಿಂತ ಉಪಯುಕ್ತವಾದ ಸಂಗತಿಯೊಂದಿದೆ. ಪ್ರತಿ ಆಲ್ಬಂನ ಜೊತೆಯಲ್ಲಿ ಅದನ್ನು ಕೊಂಡವರ ಚಿಕ್ಕ ಚಿತ್ರಗಳಿರುತ್ತವೆ. ಅವುಗಳಲ್ಲಿ ಒಂದನ್ನು ಒತ್ತಿದರೆ ಆ ವ್ಯಕ್ತಿ ಕೊಂಡುಕೊಂಡ ಉಳಿದ ಆಲ್ಬಂಗಳೆಲ್ಲ ಸಾಲಾಗಿ ಕಾಣುತ್ತವೆ. ನನಗೆ ತುಂಬ ಹಿಡಿಸಿದ, ಆದರೆ ಬೆರಳೆಣಿಕೆಯಷ್ಟು ಜನ ಮಾತ್ರ ಕೊಂಡಿರುವ ಒಂದು ಆಲ್ಬಂ ತೆಗೆದುಕೊಂಡು ಆ ಕೆಲವರ ಸಂಗ್ರಹವನ್ನು ನಾನು ಸಾವಧಾನವಾಗಿ ನೋಡುತ್ತೇನೆ. ಹಣ ಕೊಟ್ಟು ಕೊಂಡವನ ಅಭಿರುಚಿ ಸುಮ್ಮನೆ ಮೆಚ್ಚುಗೆ ಒತ್ತಿದವನ ಅಭಿರುಚಿಗಿಂತ ನಂಬಲರ್ಹವೆಂಬುದು ಅಂಗಡಿಯ ಗಲ್ಲಾದ ಹತ್ತಿರ ಕೂತು ನಾನು ಕಲಿತ ಪಾಠ.

ಸಿಕ್ಕಿದ್ದನ್ನೆಲ್ಲ ಕೂಡಲೇ ಯಾರಿಗೂ ಕಳಿಸುವುದಿಲ್ಲ. ಲೆಕ್ಕ ಬರೆಯುತ್ತಾ ಒಮ್ಮೆ, ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ, ರಾತ್ರಿ ಮನೆಯಲ್ಲಿ ದೀಪ ಆರಿಸಿದ ಮೇಲೆ ಒಮ್ಮೆ ಕೇಳುತ್ತೇನೆ. ಇಂಜಿನ್ನಿನ ಗದ್ದಲದಲ್ಲಿ ಗಿಟಾರಿನ ಸೂಕ್ಷ್ಮಗಳೆಲ್ಲ ಅಳಿಸಿಹೋಗಿ ರಾಗದ ಎಲುಬು ಮಾತ್ರ ಉಳಿಯುವುದರಿಂದ, ಹಾಡು ಗಟ್ಟಿಯಿದೆಯೋ ಇಲ್ಲವೋ ಎಂಬುದು ಬಸ್ಸಿನಲ್ಲಿಯೇ ಗೊತ್ತಾಗಿಬಿಡುತ್ತದೆ. ಆಲ್ಬಂನ ಮೊದಲ ಹಾಡನ್ನು ಆಧರಿಸಿ ನಾನು ತೀರ್ಮಾನಿಸುವುದಿಲ್ಲ, ಅದು ಗಿರಾಕಿಯನ್ನು ಕರೆಯಲು ಇಟ್ಟದ್ದು. ಕೊನೆಯದಕ್ಕಿಂತ ಹಿಂದಿನ ಹಾಡನ್ನು ತಪ್ಪದೆ ಕೇಳುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹಾಡಿನ ಹೆಸರು, ನಡುವೆ ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದೇ ಒಂದು ಸಂಗತಿ, ಬಲಕ್ಕೆ ಅದನ್ನು ಕೇಳಬೇಕಾದವರ ಹೆಸರು ಬರೆಯುತ್ತೇನೆ. ಬಲಗಡೆಯ ಅಂಕಣ ತುಂಬುವ ತನಕ ಆ ಹಾಡು ನನ್ನಲ್ಲಿಯೇ ಇರುತ್ತದೆ.

ಆ ಅಂಕಣ ತುಂಬುವುದು ಹೇಗೆಂದು ಹೇಳಬೇಕು. ನಮ್ಮ ಕಡೆಯವರ ಕಿವಿ ಖಾಲಿ ಇರುವುದಿಲ್ಲ. ಸಿನಿಮಾ ಹಾಡು, ಜಾತ್ರೆಯ ರಸಮಂಜರಿ, ಮಠದ ವಚನಗಾಯನ, ಭಜನೆಯ ತತ್ವಪದ, ಕಂಪನಿ ನಾಟಕದ ರಂಗಗೀತೆ, ಇವುಗಳಲ್ಲಿ ಯಾವುದೋ ಒಂದರಲ್ಲಿ ಪ್ರತಿಯೊಬ್ಬರ ಕಿವಿಯೂ ಪಳಗಿರುತ್ತದೆ. ಆ ಒಂದನ್ನು ತಿಳಿದುಕೊಂಡರೆ ಹೊಸ ಹಾಡಿಗೆ ಎಲ್ಲಿಂದ ಒಳಗೆ ಬಿಡಬೇಕೆಂಬುದು ಹೊಳೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸೀಮೆಯ ಒಬ್ಬ ನಿವೃತ್ತ ಮೇಷ್ಟ್ರು ನನಗೆ ಪರಿಚಿತರು. ಅವರು ಹುಟ್ಟಿ ಬೆಳೆದದ್ದು ಗೊಲ್ಲರಹಟ್ಟಿಯ ಮಗ್ಗುಲಲ್ಲಿ. ಜುಂಜಪ್ಪನ ಕಥೆ ಹಾಡುವ ಕಾಡುಗೊಲ್ಲರ ‘ಗಣೆ’ ಎಂಬ ಉದ್ದ ಬಿದಿರು ಕೊಳಲಿನ ದನಿ ಅವರಿಗೆ ಬಾಲ್ಯದಿಂದ ಪರಿಚಿತ. ಇಂಗ್ಲಿಷ್ ಹಾಡೆಂದರೆ ‘ಆ ಗಲಾಟೆ ನನಗೆ ಬೇಡ’ ಎನ್ನುವ ಅವರಿಗೆ ನಾನು ಕೊಟ್ಟದ್ದು ಮಣಿಪುರದ ರೂಬೆನ್ ಮಶಾಂಗ್ವಾ ಅವರ ಹಾಡು. ಮಶಾಂಗ್ವಾ ತಾಂಗ್‌ಖುಲ್ ನಾಗಾ ಸಮುದಾಯದ ಹಳೆಯ ಪದಗಳನ್ನು ಬ್ಲೂಸ್ ಗಿಟಾರಿನ ಜೊತೆ ಬೆಸೆದವರು. 2021ರಲ್ಲಿ ಪದ್ಮಶ್ರೀ ಪಡೆದವರು. ಗಿಟಾರಿನ ಪಕ್ಕದಲ್ಲಿ ತಿಂಗ್‌ತೈಲಾ ಎಂಬ ಒಂಟಿ ತಂತಿಯ ವಾದ್ಯವನ್ನೂ ಯಾಂಗ್‌ಕಹುಯಿ ಎಂಬ ಉದ್ದನೆಯ ಬಿದಿರು ಕೊಳಲನ್ನೂ ನುಡಿಸುತ್ತಾರೆ. ನಾನು ಇದಾವುದನ್ನೂ ಮೊದಲು ಹೇಳಲಿಲ್ಲ. ‘ಕೊಳಲು ಬರುವ ತನಕ ಇಯರ್‌ಫೋನ್ ತೆಗೆಯಬೇಡಿ’ ಎಂದಷ್ಟೇ ಹೇಳಿದೆ. ಮೇಷ್ಟ್ರು ಕೇಳಿ ಮುಗಿಸಿ, ಅದು ಯಾವ ಭಾಷೆಯೆಂದು ಕೇಳುವ ಮೊದಲೇ, ಊದುವವನು ಉಸಿರನ್ನು ಎಲ್ಲಿ ಮುರಿಯುತ್ತಾನೆ ಎಂಬುದರ ಬಗ್ಗೆ ಮಾತು ತೆಗೆದರು. ಆಮೇಲೆ ಅವರಿಗೆ ಕಾಲಿಂಪಾಂಗ್ ಮೂಲದ ಬಿಪುಲ್ ಛೇತ್ರಿಯವರ ನೇಪಾಳಿ ಹಾಡುಗಳನ್ನು, ನಮ್ಮದೇ ಬೆಂಗಳೂರಿನ ಸ್ವರಾತ್ಮ ತಂಡವನ್ನು ದಾಟಿಸುವುದು ಕಷ್ಟವಾಗಲಿಲ್ಲ.

ಇನ್ನೊಬ್ಬರು ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು, ದಾವಣಗೆರೆಯಲ್ಲಿಯೇ ನೆಲೆಸಿದವರು. ಅವರಿಗೆ ನಾನು ಜರ್ಮನ್ ಗಾಯಕಿ ನಿಕೊ ಹಾಡುಗಳನ್ನು ಕೇಳಿಸಿದೆ. ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ಹೆಸರಾಂತ ತಂಡದೊಂದಿಗೆ ಹಾಡಿದ್ದರಿಂದಲೇ ಅವಳನ್ನು ಹೆಚ್ಚಿನವರು ಬಲ್ಲರು. ಅನಂತರ ಅವಳು ತನ್ನದೇ ಹೆಸರಿನಲ್ಲಿ ಹಾರ್ಮೋನಿಯಂ ಹಿಡಿದು ಮಾಡಿದ ‘ಡೆಸರ್ಟ್‌ಶೋರ್’ನಂಥ ಆಲ್ಬಂಗಳನ್ನು ಕೇಳಿದವರು ಕಡಿಮೆ. ಹಿರಿಯರು ಕಣ್ಣು ಮುಚ್ಚಿ ಕೇಳುತ್ತಾ, ಬಲಗೈ ಬೆರಳುಗಳನ್ನು ಮಂಚದ ಅಂಚಿನ ಮೇಲೆ ಆಡಿಸುತ್ತಾ, ‘ಈಕೆ ಹಾಡಿಗೆ ಪೆಟ್ಟಿಗೆ ನುಡಿಸುತ್ತಿಲ್ಲ, ಪೆಟ್ಟಿಗೆಗೆ ಹಾಡುತ್ತಿದ್ದಾಳೆ’ ಎಂದರು. ಹಾಡು ಅವರಿಗೆ ಇಷ್ಟವಾಗಲಿಲ್ಲ. ‘ಹೆಣದ ಮುಂದೆ ಹಾಡಿದಂತಿದೆ’ ಎಂದು ಮುಖ ಸಿಂಡರಿಸಿದರು. ಆದರೆ ಅಷ್ಟು ಹೊತ್ತು ಮನಸ್ಸಿಟ್ಟು ಕೇಳಿದರಲ್ಲ, ನನ್ನ ಮಟ್ಟಿಗೆ ಆ ಶಿಫಾರಸು ಫಲಿಸಿತು. ಇಷ್ಟವಾಗುವುದು ಬಿಡುವುದು ಅವರವರಿಗೆ ಸೇರಿದ್ದು.

ಹಾಡನ್ನು ಕಳಿಸುವಾಗ ಒಂದೇ ಒಂದನ್ನು ಕಳಿಸುತ್ತೇನೆ. ಹತ್ತು ಲಿಂಕ್‌ಗಳನ್ನು ಒಟ್ಟಿಗೆ ವಾಟ್ಸ್ಆ್ಯಪ್‌ನಲ್ಲಿ ಸುರಿದರೆ ಯಾರೂ ಒಂದನ್ನೂ ತೆರೆಯುವುದಿಲ್ಲ. ಜೊತೆಗೆ ಎರಡು ಸಾಲು ಬರೆಯುತ್ತೇನೆ: ಯಾವ ಹೊತ್ತಿನಲ್ಲಿ ಕೇಳಬೇಕು, ಯಾವುದರ ಮೇಲೆ ಕಿವಿಯಿಡಬೇಕು. ಹಾಡು ಬೇರೆ ಭಾಷೆಯದಾದರೆ ಅದರ ಸಂದರ್ಭವನ್ನು ಕನ್ನಡದಲ್ಲಿ ಒಂದು ವಾಕ್ಯದಲ್ಲಿ ತಿಳಿಸುತ್ತೇನೆ. ಸಾಹಿತ್ಯವನ್ನು ಪೂರ್ತಿ ಅನುವಾದಿಸಿ ಕೊಟ್ಟರೆ ಜನ ಓದುತ್ತಾರೆ, ಕೇಳುವುದಿಲ್ಲ. ‘ಇವನು ಎರಡನೆಯ ಬಾಬ್ ಡಿಲನ್’ ಎಂಬಂಥ ಮಾತನ್ನು ಎಂದೂ ಬರೆಯುವುದಿಲ್ಲ, ಏಕೆಂದರೆ ಡಿಲನ್ ಗೊತ್ತಿದ್ದವನು ಅದನ್ನು ಒಪ್ಪುವುದಿಲ್ಲ, ಗೊತ್ತಿಲ್ಲದವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮಾರನೆಯ ದಿನ ‘ಕೇಳಿದಿರಾ?’ ಎಂದು ಬೆನ್ನು ಹತ್ತುವುದೂ ಇಲ್ಲ.

ಗಾಯಕನ ಕಣ್ಣೀರಿನ ಕಥೆಯನ್ನು ಮೊದಲೇ ಹೇಳಬಾರದೆಂಬ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅಮೆರಿಕದ ಡೆಟ್ರಾಯಿಟ್‌ನ ರೊಡ್ರಿಗಸ್ ಎಂಬ ಗಾಯಕನ 1970ರ ‘ಕೋಲ್ಡ್ ಫ್ಯಾಕ್ಟ್’ ತನ್ನ ದೇಶದಲ್ಲಿ ಮಾರಾಟವಾಗಲಿಲ್ಲ. ಅವನಿಗೆ ಅರಿವೇ ಇಲ್ಲದಂತೆ ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾಯಿತು. ಅವನು ಸತ್ತೇಹೋಗಿದ್ದಾನೆಂದು ಅಲ್ಲಿಯ ಅಭಿಮಾನಿಗಳು ನಂಬಿದ್ದರು. 2012ರಲ್ಲಿ ಬಂದ ಸಾಕ್ಷ್ಯಚಿತ್ರವೊಂದು ಈ ಕಥೆಯನ್ನು ಜಗತ್ತಿಗೆ ಹೇಳಿ ಆಸ್ಕರ್ ಪಡೆಯಿತು. ಅದ್ಭುತವಾದ ಕಥೆಯೇ ಸರಿ. ಆದರೆ ಅದನ್ನು ಮೊದಲು ಕೇಳಿದವರು ಹಾಡನ್ನು ಕಥೆಯ ಹಿನ್ನೆಲೆ ಸಂಗೀತದಂತೆ ಕೇಳುತ್ತಾರೆ, ಮರುಕದಿಂದ ತಲೆದೂಗುತ್ತಾರೆ. ನಿಕ್ ಡ್ರೇಕ್‌ನ ಅಕಾಲ ಮರಣದ್ದೂ ಇದೇ ಪಾಡು. ಗಿಟಾರ್ ಕಲಿಯುತ್ತಿದ್ದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಡ್ರೇಕ್‌ನನ್ನು ಪರಿಚಯಿಸುವಾಗ ನಾನು ಸಾವಿನ ವಿಷಯ ಎತ್ತಲಿಲ್ಲ. ‘ಇವನು ತಂತಿಗಳನ್ನು ನೀನು ಕಲಿತ ಶ್ರುತಿಗೆ ಕೂಡಿಸಿಲ್ಲ, ಹೇಗೆ ಕೂಡಿಸಿದ್ದಾನೆ ನೋಡಿ ಹೇಳು’ ಎಂದೆ. ಹುಡುಗ ಪರೀಕ್ಷೆ ಹತ್ತಿರವಿದ್ದರೂ ಕೀಲಿಗಳನ್ನು ತಿರುಗಿಸುತ್ತಾ ಕೂತನಂತೆ; ಅವನ ತಾಯಿ ನನ್ನ ಮೇಲೆ ಇಂದಿಗೂ ಮುನಿಸು.

ತಿಂಗಳಿಗೊಮ್ಮೆ, ಆದಾಗ, ವಿದ್ಯಾನಗರದ ಗೆಳೆಯರೊಬ್ಬರ ಮಹಡಿಯ ಕೋಣೆಯಲ್ಲಿ ಕೆಲವರು ಸೇರಿ ಒಂದು ಆಲ್ಬಂ ಪೂರ್ತಿ ಕೇಳುತ್ತೇವೆ. ಅಲ್ಲಿಯ ಏಕೈಕ ಕಟ್ಟಳೆ ಏನೆಂದರೆ ಮಂಡಕ್ಕಿ-ಮಿರ್ಚಿ ಕೊನೆಯ ಹಾಡು ಮುಗಿದ ಮೇಲೆ. ಮೆಲುದನಿಯ ಗಿಟಾರಿನ ಎದುರು ಒಬ್ಬರು ನರ್ಗಿಸ್ ಮಂಡಕ್ಕಿ ಅಗಿಯಲು ಶುರುಮಾಡಿದರೆ ಕೋಣೆಯಲ್ಲಿ ಬೇರೇನೂ ಕೇಳಿಸುವುದಿಲ್ಲ.

ಹಣದ ಮಾತನ್ನೂ ಆಡಬೇಕು, ಲೆಕ್ಕ ಬರೆಯುವವನಾಗಿ ಅದನ್ನು ಬಿಟ್ಟರೆ ಸರಿಹೋಗದು. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 15ನ್ನು ತಾನು ಇಟ್ಟುಕೊಳ್ಳುತ್ತದೆ. ಪಾವತಿಯ ಶುಲ್ಕ ಕಳೆದು ಉಳಿದದ್ದು ಗಾಯಕರಿಗೆ ಹೋಗುತ್ತದೆ. 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುವ ರೂಢಿಯಿದೆ. ನಾನು ಕೊಳ್ಳುವುದನ್ನೆಲ್ಲ ಆ ದಿನಗಳಿಗೆ ಕಾದಿಡುತ್ತೇನೆ. ಸ್ಪಾಟಿಫೈ ಎಂಬ ಸಂಗೀತದ ಆ್ಯಪ್‌ನಲ್ಲಾದರೆ 2024ರಿಂದ, ಹಿಂದಿನ 12 ತಿಂಗಳಲ್ಲಿ ಸಾವಿರ ಸಲವೂ ಕೇಳಿಸಿಕೊಳ್ಳದ ಹಾಡಿಗೆ ಆ ಧ್ವನಿಮುದ್ರಣದ ಸಂಭಾವನೆಯೇ ಇಲ್ಲ. ನಾನು ಶಿಫಾರಸು ಮಾಡುವ ಹಲವರು ಆ ಗೆರೆಯ ಆಸುಪಾಸಿನಲ್ಲಿಯೇ ಇರುವವರು. ಹೀಗಾಗಿ ಹಾಡು ಹಿಡಿಸಿತೆಂದು ಹೇಳಿದವರಿಗೆ ಮಾತ್ರ, ಎರಡನೆಯ ಸಲ ಮಾತಾಡುವಾಗ, ಅದನ್ನು ಎಲ್ಲಿ ಕೊಳ್ಳಬಹುದೆಂದು ತಿಳಿಸುತ್ತೇನೆ. ಮೊದಲ ದಿನವೇ ಹಣದ ಮಾತು ಬಂದರೆ ಕೇಳುಗ ಕೈಬಿಟ್ಟು ಹೋಗುತ್ತಾನೆ.

ಈಚೆಗೆ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರೂ ತಮ್ಮ ಕೋಣೆಯಲ್ಲಿ ಧ್ವನಿಮುದ್ರಿಸಿದ ಹಾಡುಗಳನ್ನು ನನಗೆ ಕಳಿಸುತ್ತಾರೆ. ಊರಿನವರೆಂಬ ಕಾರಣಕ್ಕೆ ನಾನು ಯಾರನ್ನೂ ಮುಂದಕ್ಕೆ ದಾಟಿಸುವುದಿಲ್ಲ. ಬಸ್ಸಿನ ಪರೀಕ್ಷೆ ಅವರಿಗೂ ಉಂಟು. ಆದರೆ ಪಾಸಾದವರಿಗೂ ಆಗದವರಿಗೂ ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ: ತಬಲಾ ನುಡಿಸಿದವರು ಯಾರು, ಕೋರಸ್‌ನಲ್ಲಿ ಕೇಳುವ ಎರಡನೆಯ ದನಿ ಯಾರದು, ಧ್ವನಿ ಹದ ಮಾಡಿದವರು ಯಾರು, ಇದೆಲ್ಲವನ್ನೂ ಯಾಕೆ ಬರೆದಿಲ್ಲ? ಹಾಡಿನ ಕೆಳಗೆ ಈ ಹೆಸರುಗಳನ್ನು ಪೂರ್ತಿ ಬರೆದು ಮತ್ತೆ ಕಳಿಸಿದವರ ಹಾಡನ್ನು ನಾನು ನೋಟ್‌ಬುಕ್ಕಿನ ಎಡ ಅಂಕಣಕ್ಕೆ ಏರಿಸುತ್ತೇನೆ. ಹೋದ ತಿಂಗಳು ಹಾಗೆ ಬಂದ ಒಂದು ಪಟ್ಟಿಯಲ್ಲಿ ಹರಿಹರದ ಒಬ್ಬ ಮ್ಯಾಂಡೊಲಿನ್ ವಾದಕನ ಹೆಸರಿತ್ತು, ಈಗ ಅವನು ಬೇರೆ ಯಾರ ಜೊತೆ ನುಡಿಸಿದ್ದಾನೆಂದು ವಿಚಾರಿಸುತ್ತಿದ್ದೇನೆ.